ಜುಲೈ ತಿಂಗಳಿಗೆ ಕಟ್ಟಿ: ಕಡಲ ತಡಿಯಲ್ಲಿ ತಂಗುಮನೆ ಮಾಡುವವರ ಜೊತೆ ಒಂದು ಮಾತು

ನೀವು ರೂಮು ಬಾಡಿಗೆಗೆ ಕೊಡುವ ತಿಂಗಳುಗಳು ಬೇರೆ, ಆ ರೂಮಿಗೆ ನಿಜವಾದ ಪರೀಕ್ಷೆ ಬರುವ ತಿಂಗಳುಗಳು ಬೇರೆ. ಜನ ಬರುವುದು ಅಕ್ಟೋಬರಿನಿಂದ ಮೇ ತನಕ. ಡಿಸೆಂಬರ್ ಕೊನೆಯ ವಾರ ಗೋಕರ್ಣದಲ್ಲಿ, ಮುರ್ಡೇಶ್ವರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಕಡಲು ಸಾಧು. ಜೂನ್ ಬಂತೆಂದರೆ ಅದೇ ಕಡಲು ಬೇರೆ. ನಮ್ಮ ಕರಾವಳಿ ತಾಲೂಕುಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಬೆಂಗಳೂರಿನ ಮಳೆಗಿಂತ ಮೂರು ಪಟ್ಟಿಗೂ ಜಾಸ್ತಿ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅದೂ ಮೇಲಿಂದ ಕೆಳಗೆ ಅಲ್ಲ, ಗಾಳಿಯ ಜೊತೆ ಅಡ್ಡಡ್ಡ.

ಅದಕ್ಕೇ ಯಾರಾದರೂ ನಕ್ಷೆ ತಂದು ಮೇಜಿನ ಮೇಲೆ ಹರಡಿದರೆ ನಾನು ಕೇಳುವ ಮೊದಲ ಪ್ರಶ್ನೆ ಇಷ್ಟೇ: ಜುಲೈ 15ರ ರಾತ್ರಿ ಈ ಕೋಣೆಯಲ್ಲಿ ಏನಾಗುತ್ತಿರುತ್ತದೆ? ನೀರು ಎಲ್ಲಿಂದ ಒಳಗೆ ಬರುತ್ತದೆ, ಕರೆಂಟು ಹೋದರೆ ಗಾಳಿ ಎಲ್ಲಿಂದ, ಹಂಚು ಹಾರಿದರೆ ಮೇಲೆ ಹತ್ತುವವರು ಯಾರು? ಇದಕ್ಕೆ ಉತ್ತರ ಇರುವ ನಕ್ಷೆ ಡಿಸೆಂಬರಿನಲ್ಲೂ ಚಂದವೇ ಕಾಣುತ್ತದೆ. ಡಿಸೆಂಬರಿನ ಫೋಟೋ ನೋಡಿ ಮಾಡಿದ ನಕ್ಷೆ ಜುಲೈ ದಾಟುವುದು ಕಷ್ಟ.

ನಮ್ಮ ಕರಾವಳಿಯ ದೊಡ್ಡ ತೊಡಕು ಏನು ಗೊತ್ತಾ? ಎಲ್ಲವೂ ಒಂದೇ ದಿಕ್ಕಿನಿಂದ ಬರುತ್ತವೆ. ಕಡಲು ಇರುವುದು ಪಡುವಣಕ್ಕೆ. ನೋಟ ಅಲ್ಲಿ, ಸೂರ್ಯ ಮುಳುಗುವುದು ಅಲ್ಲಿ. ಮಧ್ಯಾಹ್ನದ ಉರಿಬಿಸಿಲು ಬರುವುದೂ ಅಲ್ಲಿಂದಲೇ. ಮಳೆಗಾಳಿ ಅಲ್ಲಿಂದ, ಉಪ್ಪೂ ಅಲ್ಲಿಂದ. ಬಂದವರು ಮಂಚದ ಮೇಲೆ ಮಲಗಿಕೊಂಡೇ ಕಡಲು ನೋಡಬೇಕು ಎಂದು ಪಡು ಗೋಡೆಯನ್ನು ಪೂರ್ತಿ ಗಾಜು ಮಾಡಿದರೆ, ಮಾರ್ಚಿನಲ್ಲಿ ಆ ಕೋಣೆ ಕುದಿಯುತ್ತದೆ. ಆಮೇಲೆ ಎರಡು ಟನ್ ಎಸಿ, ಆಮೇಲೆ ಬಿಸಿಲಿಗೆ ದಪ್ಪ ಪರದೆ. ಪರದೆ ಎಳೆದ ಮೇಲೆ ಕಡಲು ಎಲ್ಲಿ ಕಾಣಬೇಕು? ಮಳೆಗಾಲದಲ್ಲಿ ಗಾಜಿನ ಸಂದಿಯಿಂದ ನೀರು ಒಳಗೆ ಜಿನುಗುತ್ತದೆ.

ಕಡಲ ಬದಿಯ ಹಳೆ ಮನೆಗಳನ್ನು ಒಮ್ಮೆ ನಿಂತು ನೋಡಿ. ಪಡು ಗೋಡೆಯಲ್ಲಿ ಕಿಟಕಿ ಸಣ್ಣದು. ಸೂರು ತಗ್ಗು, ಬಗ್ಗಿ ಒಳಗೆ ಹೋಗಬೇಕು. ಮೇ ತಿಂಗಳ ಕೊನೆಗೆ ಆ ಬದಿಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅವರಿಗೆ ಕಡಲು ನೋಡುವ ಆಸೆ ಇರಲಿಲ್ಲ ಅಂತಲ್ಲ. ದಿನಾ ಅದರ ಜೊತೆ ಬದುಕುವವರು ಅದಕ್ಕೆ ಎಷ್ಟು ಮುಖ ಕೊಡಬೇಕು ಎಂದು ತಿಳಿದಿದ್ದರು.

ಹಾಗಾದರೆ ನೋಟ ಬೇಡವಾ? ಬೇಕು. ಅದನ್ನು ಜಗಲಿಗೆ ಕೊಡಿ. ಪಡು ಬದಿಗೆ ಎಂಟಡಿ ಆಳದ ಜಗಲಿ, ಅದರ ಮೇಲೆ ಇಳಿದ ಮಾಡು (ಚಾವಣಿ), ಎರಡು ಕುರ್ಚಿ, ಒಂದು ತೂಗುಮಂಚ. ಕೋಣೆ ಅದರ ಹಿಂದೆ. ಕೋಣೆಯ ದೊಡ್ಡ ಕಿಟಕಿಗಳು ಉತ್ತರಕ್ಕೆ, ದಕ್ಷಿಣಕ್ಕೆ. ಹಗಲು ಕಡಲಿನಿಂದ ನೆಲಕ್ಕೆ ಗಾಳಿ, ರಾತ್ರಿ ನೆಲದಿಂದ ಕಡಲಿಗೆ ಗಾಳಿ. ಅದಕ್ಕೆ ಮೂಡು ಬದಿಯಲ್ಲೂ ಒಂದು ದಾರಿ ಬಿಡಿ, ರಾತ್ರಿಯ ಗಾಳಿ ಅಲ್ಲಿಂದ ಒಳಗೆ ಬರುತ್ತದೆ. ಗೋಡೆಯ ಮೇಲ್ಭಾಗದಲ್ಲಿ, ಮಾಡಿನ ಕೆಳಗೆ, ಬಿಸಿಗಾಳಿ ಹೊರಗೆ ಹೋಗಲು ಮರದ ಜಾಲಿ ಇರಲಿ. ಇಷ್ಟಾದರೆ ಜನವರಿಯಲ್ಲಿ ಎಸಿ ಇಲ್ಲದೆ ಮಲಗಬಹುದು. ಏಪ್ರಿಲ್, ಮೇ ತಿಂಗಳ ಸೆಕೆಗೆ ಎಸಿ ಬೇಕೆನ್ನುವವರು ಇರುತ್ತಾರೆ. ಇಡೀ ವರ್ಷ ಅದರ ಮೇಲೇ ನಿಂತ ಕೋಣೆ ಮಾಡಬೇಡಿ ಅಷ್ಟೇ.

ಸ್ವಲ್ಪ ದೂರ ಹೋಗಿ ಬರುತ್ತೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬದಿಯಲ್ಲಿ ಫೋಗೋ ಎಂಬ ದ್ವೀಪ ಇದೆ. ಅಟ್ಲಾಂಟಿಕ್ ಕಡಲು, ಹಿಮಗಾಳಿ, ಬರೀ ಬಂಡೆ. ಅಲ್ಲಿನವರು ಕಾಡ್ ಮೀನು ಹಿಡಿದು ಬದುಕಿದವರು. 1992ರಲ್ಲಿ ಆ ಮೀನುಗಾರಿಕೆಯನ್ನೇ ಸರ್ಕಾರ ನಿಲ್ಲಿಸಿತು, ಅಷ್ಟು ಮೀನು ಖಾಲಿಯಾಗಿತ್ತು. ಅದೇ ದ್ವೀಪದಲ್ಲಿ ಹುಟ್ಟಿದ ಜೀಟಾ ಕಾಬ್ ಎಂಬ ಹೆಣ್ಣುಮಗಳು ಹೊರಗೆ ಹೋಗಿ ದುಡಿದು, ವಾಪಸ್ ಬಂದು ಅಲ್ಲೊಂದು ತಂಗುಮನೆ ಕಟ್ಟಿಸಿದರು. 2013ರಲ್ಲಿ ಶುರುವಾಯಿತು. 29 ಕೋಣೆ. ಟಾಡ್ ಸಾಂಡರ್ಸ್ ಅದರ ವಾಸ್ತುಶಿಲ್ಪಿ. ಬಂಡೆಯನ್ನು ಒಡೆದು ಸಮ ಮಾಡದೆ, ಕಂಬಗಳ ಮೇಲೆ ಕಟ್ಟಡವನ್ನು ಎತ್ತಿ ನಿಲ್ಲಿಸಿದರು. ಅಲ್ಲಿನ ಮೀನುಗಾರರು ತಲೆಮಾರುಗಳಿಂದ ತಮ್ಮ ಮೀನಿನ ಕೊಟ್ಟಿಗೆಗಳನ್ನು ನಿಲ್ಲಿಸಿದ್ದೇ ಹಾಗೆ. ಒಳಗಿನ ಕುರ್ಚಿ, ಹೊದೆಯುವ ಕೌದಿ ಎಲ್ಲ ದ್ವೀಪದವರ ಕೈಕೆಲಸ. ಲಾಭ ಉಳಿದರೆ ಅದು ಮಾಲೀಕರ ಜೇಬಿಗಲ್ಲ, ಶೋರ್‌ಫಾಸ್ಟ್ ಎಂಬ ಸಂಸ್ಥೆಯ ಮೂಲಕ ದ್ವೀಪಕ್ಕೇ ವಾಪಸ್.

ಅದನ್ನು ನೋಡಿ ಇಲ್ಲೂ ಹಾಗೇ ಬಿಳಿ ಕಟ್ಟಡ ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರ ಶತ್ರು ಚಳಿ, ನಮ್ಮದು ನೀರು ಮತ್ತು ಉಪ್ಪು. ನಾನು ಮೆಚ್ಚುವುದು ಎರಡನ್ನು. ನೆಲವನ್ನು ಇದ್ದ ಹಾಗೆ ಬಿಟ್ಟದ್ದು. ಊರಿನ ಕೈಗೆ ಗೊತ್ತಿದ್ದ ಕೆಲಸದಿಂದಲೇ ಕಟ್ಟಡ ಹುಟ್ಟಿದ್ದು.

ಈಗ ಜಾಗಕ್ಕೆ ಬರೋಣ. ಇಲ್ಲಿ ಕೂತಿರುವ ಹಲವರಿಗೆ ಕಡಲ ಬದಿಯಲ್ಲಿ ಪಿತ್ರಾರ್ಜಿತ ಜಾಗ ಇದೆ. ದಾಖಲೆಯಲ್ಲಿ ನಿಮ್ಮದು ಅಂದ ಮಾತ್ರಕ್ಕೆ ಅದರ ಅಂಚಿನ ತನಕ ಕಟ್ಟಬಹುದು ಅಂತಲ್ಲ. 1991ರಲ್ಲಿ ಬಂದ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಆಮೇಲೆ 2011ರದ್ದು, ಈಗ 2019ರದ್ದು. ಹಳ್ಳಿಗಳಿಗೆ ಈಗಿನ ಲೆಕ್ಕ ಹೀಗೆ: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿಯಾದರೆ ಉಬ್ಬರದ ಗೆರೆಯಿಂದ 50 ಮೀಟರ್ ಏನೂ ಕಟ್ಟುವಂತಿಲ್ಲ. ಅಷ್ಟು ಜನ ಇಲ್ಲದ ಹಳ್ಳಿಯಾದರೆ 200 ಮೀಟರ್. ಉಬ್ಬರದ ಗೆರೆ ಎಂದರೆ ನೀವು ಸಂಜೆ ಹೋಗಿ ನೋಡಿದಾಗ ಅಲೆ ಮುಟ್ಟಿದ ಜಾಗ ಅಲ್ಲ, ಸರ್ಕಾರದ ನಕ್ಷೆಯಲ್ಲಿ ಗುರುತಾದ ಗೆರೆ. ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಎಲ್ಲಿ ಬಿದ್ದಿದೆ ಎಂದು ಮೊದಲು ನೋಡಿಸಿ, ಆಮೇಲೆ ಎಂಜಿನಿಯರನ್ನು ಕರೆಯಿರಿ. ಹೊಳೆಬದಿಯಲ್ಲಿ, ಹಿನ್ನೀರಿನ ಬದಿಯಲ್ಲಿ ಇರುವವರಿಗೂ ಇದು ಅನ್ವಯ. ಉಪ್ಪುನೀರು ಎಲ್ಲಿಯ ತನಕ ಏರುತ್ತದೋ ಅಲ್ಲಿಯ ತನಕ ಈ ಕಾನೂನೂ ಏರುತ್ತದೆ.

ಯಾರು ಬಂದು ಕೇಳುತ್ತಾರೆ, ಎಲ್ಲರೂ ಕಟ್ಟಿದ್ದಾರಲ್ಲ ಎನ್ನುವವರಿಗೆ ನಾನು ಕೇರಳದ ಕಾಪಿಕೋ ರೆಸಾರ್ಟಿನ ಕಥೆ ಹೇಳುತ್ತೇನೆ. ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ 54 ವಿಲ್ಲಾ ಕಟ್ಟಿದರು. ಮೊದಲು ಕೋರ್ಟಿಗೆ ಹೋದವರು ಅಲ್ಲಿನ ಮೀನುಗಾರರು. ಅವರ ಬಲೆ ಹಾಕುವ ಜಾಗ ಹೋಗಿತ್ತು. 2013ರಲ್ಲಿ ಹೈಕೋರ್ಟ್ ಕೆಡವಿ ಎಂದಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರಲ್ಲಿ ಕೆಡವುವ ಕೆಲಸ ಶುರುವಾಯಿತು. ಹಣ ಹೋದದ್ದು ಇರಲಿ. ಅಷ್ಟು ಸಿಮೆಂಟು, ಅಷ್ಟು ಕಬ್ಬಿಣ, ಅಷ್ಟು ಮರ ಒಂದೇ ಒಂದು ಅತಿಥಿಗೂ ನೆರಳಾಗದೆ ಕಸವಾಯಿತು. ಇದಕ್ಕಿಂತ ದೊಡ್ಡ ಪರಿಸರ ಹಾನಿ ಯಾವುದಿದೆ?

ಕಾನೂನು 50 ಮೀಟರ್ ಎಂದರೂ ಕಡಲು ಒಪ್ಪಬೇಕಲ್ಲ. ಉಳ್ಳಾಲದವರನ್ನು ಕೇಳಿ, ಮರವಂತೆಯವರನ್ನು ಕೇಳಿ. ಕಡಲ್ಕೊರೆತ ಯಾವ ನಕ್ಷೆಯನ್ನೂ ಓದಿ ಬರುವುದಿಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಗುಜರಾತಿನಲ್ಲಿ ನೆಲ ಮುಟ್ಟಿತು, ನಮ್ಮ ಬದಿಯಲ್ಲಿ ಸುಮ್ನೆ ಹಾದುಹೋಯಿತು. ಅಷ್ಟಕ್ಕೇ ಇಲ್ಲಿ ಎಷ್ಟು ತೆಂಗಿನಮರ, ಎಷ್ಟು ರಸ್ತೆ ಹೋಯಿತು ನೆನಪಿದೆಯಲ್ಲ? ಅಳಿವೆಯ ಹತ್ತಿರವಂತೂ ಇನ್ನೂ ಜಾಗ್ರತೆ ಬೇಕು. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಆ ಬಾಯಿ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳಿನ ನಾಲಗೆ. ಫೋಟೋದಲ್ಲಿ ಅದರಷ್ಟು ಚಂದದ ಜಾಗ ಇನ್ನೊಂದಿಲ್ಲ. ಪಕ್ಕಾ ಕಟ್ಟಡಕ್ಕೆ ಅದರಷ್ಟು ಕೆಟ್ಟ ಜಾಗವೂ ಇಲ್ಲ. ಊರಿನ ಹಿರಿಯ ಮೀನುಗಾರರೊಬ್ಬರನ್ನು ಕರೆದು, "ನೀವು ಸಣ್ಣವರಿದ್ದಾಗ ಕಡಲು ಎಲ್ಲಿತ್ತು ಅಜ್ಜ?" ಎಂದು ಕೇಳಿ. ಅವರು ಕೈ ತೋರಿಸುವ ಜಾಗ ನೋಡಿದ ಮೇಲೆ ನಿಮ್ಮ ತಳಪಾಯ ತಾನಾಗಿ ಹಿಂದೆ ಸರಿಯುತ್ತದೆ.

ಜಾಗ ಸಿಕ್ಕಿತು ಅಂದ ಕೂಡಲೇ ಜೆಸಿಬಿ ತರಿಸುವವರಿದ್ದಾರೆ. ದಯವಿಟ್ಟು ಬೇಡ. ದಂಡೆಯ ಹಿಂದಿನ ಮರಳಿನ ದಿಬ್ಬ ಸುಮ್ಮನೆ ಬಿದ್ದ ಮರಳಲ್ಲ. ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಅದನ್ನು ಹಿಡಿದಿಟ್ಟುಕೊಂಡಿವೆ. ದೊಡ್ಡ ಅಲೆ ಬಂದಾಗ ಆ ದಿಬ್ಬ ತನ್ನ ಮರಳು ಕೊಟ್ಟು ಅಲೆಯ ಜೋರು ಇಳಿಸುತ್ತದೆ, ಮಳೆಗಾಲ ಮುಗಿದ ಮೇಲೆ ಕಡಲು ಅದೇ ಮರಳನ್ನು ವಾಪಸ್ ತಂದು ಹಾಕುತ್ತದೆ. ನೋಟಕ್ಕೆ ಅಡ್ಡ ಅಂತ ದಿಬ್ಬ ಸಮ ಮಾಡಿದವರು ಎರಡು ಮಳೆಗಾಲದ ನಂತರ ಲಾರಿಗಟ್ಟಲೆ ಬಂಡೆ ತಂದು ಸುರಿಸುತ್ತಾರೆ. ಬಂಡೆಗೆ ಬಡಿದ ಅಲೆ ಅದರ ಬುಡದ ಮರಳನ್ನು ಕೆರೆದು ಒಯ್ಯುತ್ತದೆ, ತಡೆಗೋಡೆ ಮುಗಿದಲ್ಲಿಂದ ಪಕ್ಕದವರ ಜಾಗ ಕೊರೆಯಲು ಶುರು ಮಾಡುತ್ತದೆ. ದಿಬ್ಬ ದಾಟಿ ಕಡಲಿಗೆ ಹೋಗಲು ಒಂದೇ ಒಂದು ಮರದ ಹಲಗೆಯ ಸೇತುವೆ ಮಾಡಿ, ನೆಲದಿಂದ ಎರಡಡಿ ಮೇಲೆ. ಬಳ್ಳಿ ಅದರ ಕೆಳಗೇ ಹಬ್ಬಲಿ.

ಈಗ ಕಟ್ಟುವ ಸಾಮಾನಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ನಮ್ಮಲ್ಲಿ ಹೆಚ್ಚು ಕಟ್ಟಡ ಹಾಳಾಗುವುದು ಇಲ್ಲೇ.

ಕಡಲಿನಿಂದ ಕೂಗಳತೆಯಲ್ಲಿರುವ ಯಾವುದಾದರೂ ಹದಿನೈದು ವರ್ಷದ ಆರ್‌ಸಿಸಿ ಕಟ್ಟಡದ ಪಡು ಬದಿಯ ಕಂಬದ ಹತ್ತಿರ ಹೋಗಿ ನಿಂತು ನೋಡಿ. ಮೂಲೆಯಲ್ಲಿ ನೆಟ್ಟಗೆ ಒಂದು ಬಿರುಕು. ಬಿರುಕಿನ ಅಂಚಿನಲ್ಲಿ ಕಂದು ಕಲೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಇನ್ನೊಂದು ಮಳೆಗಾಲ ಹೋದರೆ ಆ ಚಪ್ಪಡಿ ಕಳಚಿ ಬೀಳುತ್ತದೆ, ಒಳಗೆ ಪದರು ಪದರಾಗಿ ಏಳುತ್ತಿರುವ ಕಬ್ಬಿಣ ಕಾಣುತ್ತದೆ. ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳಿಂದ ನಿಧಾನವಾಗಿ ಒಳಗೆ ಹೋಗಿ ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮೇಲಿಂದ ಪೇಂಟು ಹೊಡೆದರೆ ಆ ಕಾಯಿಲೆ ಹೋಗುವುದಿಲ್ಲ.

ಇದಕ್ಕೆ ಮದ್ದು ಹೊಸದೇನಲ್ಲ, ಭಾರತೀಯ ಮಾನಕ ಐಎಸ್ 456 ಪುಸ್ತಕದಲ್ಲೇ ಇದೆ. ಕಡಲಿನ ಸಿಂಪಡಿಕೆ ತಾಗುವ ಜಾಗಕ್ಕೆ ಎಂ 35 ಎಂಬ ಗಟ್ಟಿ ದರ್ಜೆಯ ಕಾಂಕ್ರೀಟು, ಕಬ್ಬಿಣದ ಮೇಲೆ ಕಡಿಮೆಯೆಂದರೂ 50 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ, ಸಿಮೆಂಟಿನ ತೂಕಕ್ಕೆ 0.45ಕ್ಕಿಂತ ಹೆಚ್ಚು ನೀರಿಲ್ಲ. ಅಂದರೆ 50 ಕಿಲೋ ಮೂಟೆಗೆ ಇಪ್ಪತ್ತೆರಡೂವರೆ ಲೀಟರ್, ಮರಳಿನಲ್ಲಿ ಇರುವ ಒದ್ದೆಯನ್ನೂ ಸೇರಿಸಿ. ಸೈಟಿನಲ್ಲಿ ಆಗುವುದೇನು? ಕಾಂಕ್ರೀಟು ಸಲೀಸಾಗಿ ಇಳಿಯಲಿ ಎಂದು ಪೈಪು ಹಿಡಿದು ನೀರು ಬಿಡುತ್ತಾರೆ. ಹೊದಿಕೆಗೆ ಇಡುವ ಬಿಲ್ಲೆಯ ಬದಲು ಜಲ್ಲಿಕಲ್ಲು ಸಿಕ್ಕಿಸುತ್ತಾರೆ. ನಿಮಗೆ ಎಂಜಿನಿಯರಿಂಗ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಒಂದು ಟೇಪು ಹಿಡಿದು ಕಬ್ಬಿಣಕ್ಕೂ ಹಲಗೆಗೂ ನಡುವೆ ಐದು ಸೆಂಟಿಮೀಟರ್ ಇದೆಯಾ ನೋಡಿ. ಇಲ್ಲದಿದ್ದರೆ ಅಂದು ಕೆಲಸ ನಿಲ್ಲಿಸಿ. ಉಪ್ಪಾಗಿರುವ ಬಾವಿಯ ನೀರನ್ನು ಕಾಂಕ್ರೀಟಿಗೂ ಕ್ಯೂರಿಂಗಿಗೂ ಬಳಸಲೇಬೇಡಿ. ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಸೇರಿದ ಸಿಮೆಂಟು ಸಿಕ್ಕರೆ ಅದು ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಒಂದಂತಸ್ತಿನ ತಂಗುಮನೆಗೆ ಇಷ್ಟೊಂದು ಕಬ್ಬಿಣದ ಹಂಗೇ ಬೇಡ. ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು ಇದೆಯಲ್ಲ. ನೀವು ಉತ್ತರ ಕನ್ನಡದವರು ಚಿರೇಕಲ್ಲು ಅನ್ನುತ್ತೀರಿ. ಕೋರೆಯಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಹಿಂದಿನವರು ಕಲ್ಲು ತರಿಸಿ ಒಂದು ಮಳೆಗಾಲ ಅಂಗಳದಲ್ಲಿ ಬಿಟ್ಟು ಆಮೇಲೆ ಕಟ್ಟುತ್ತಿದ್ದರು. ಕರಗುವ ಕಲ್ಲು ಯಾವುದು ಎಂದು ಆಗಲೇ ಗೊತ್ತಾಗುತ್ತಿತ್ತು. ಅದರ ಗೋಡೆಯಲ್ಲಿ ತುಕ್ಕು ಹಿಡಿಯಲು ಏನೂ ಇಲ್ಲ. ಆದರೆ ಆ ಕಲ್ಲು ನೀರು ಕುಡಿಯುತ್ತದೆ. ಪಡು ಬದಿಯ ಗೋಡೆಗೆ ಸೂರಿನ ರಕ್ಷಣೆ ಇಲ್ಲದಿದ್ದರೆ ಒಳಗಡೆ ಬೂಷ್ಟು ಖಂಡಿತ. ಸಿಮೆಂಟಿನ ಗಾರೆ ಬಳಿದು ಮುಚ್ಚಿದರೆ ಒಳಗೆ ಹೋದ ನೀರು ಹೊರಗೆ ಬರಲಾರದೆ ಗಾರೆಯೇ ಉಬ್ಬಿ ಬೀಳುತ್ತದೆ. ಸುಣ್ಣದ ಗಾರೆ ಹಾಗಲ್ಲ, ಗೋಡೆ ಉಸಿರಾಡಲು ಬಿಡುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ. ಇದ್ದವರನ್ನು ಹುಡುಕಿ, ಅವರ ಜೊತೆ ಇಬ್ಬರು ಹುಡುಗರನ್ನು ಕಲಿಯಲು ಹಾಕಿ. ಆ ಸಂಬಳವನ್ನು ಕಟ್ಟಡದ ಖರ್ಚಿನಲ್ಲೇ ಸೇರಿಸಿ.

ಮುರಕಲ್ಲು ಮುಗಿಯದ ನಿಧಿ ಅಂತಲೂ ಅಂದುಕೊಳ್ಳಬೇಡಿ. ಒಂದೊಂದು ಕೋರೆಯೂ ಗುಡ್ಡದಲ್ಲಿ ಒಂದು ಹೊಂಡ. ಹಳೆ ಮನೆ ಕೆಡವುವಲ್ಲಿ ಕಲ್ಲು, ಹಂಚು, ಹಲಸಿನ ಬಾಗಿಲು ಸಿಗುತ್ತವೆ. ಅವು ಈಗಾಗಲೇ ಐವತ್ತು ಮಳೆಗಾಲ ಕಂಡು ಬಂದ ಸಾಮಾನು. ಹೊಸದಕ್ಕಿಂತ ಅವುಗಳ ಮೇಲೆ ನನಗೆ ಭರವಸೆ ಜಾಸ್ತಿ.

ಮಾಡಿನ ವಿಷಯಕ್ಕೆ ಬಂದರೆ, ನಮ್ಮ ಮಂಗಳೂರು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ಬದಿಯಲ್ಲಿ ಇದರ ಕಾರ್ಖಾನೆ ನಡೆಸಿದರು, ಇಲ್ಲಿಂದ ದೇಶವಿಡೀ ಹೋಯಿತು. ಇದರಲ್ಲಿ ನನಗೆ ಇಷ್ಟವಾಗುವ ಗುಣ ಒಂದಿದೆ. ಒಂದು ಹಂಚು ಒಡೆದರೆ ಒಂದೇ ಹಂಚು ಬದಲಿಸಬಹುದು. ಏಣಿ ಇಟ್ಟು ಹತ್ತಿ, ಮೇಲಿನ ಸಾಲಿನದ್ದನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸಿಕ್ಕಿಸಿದರೆ ಮುಗಿಯಿತು. ಊರಿನ ಯಾವ ಹುಡುಗನಾದರೂ ಹತ್ತು ನಿಮಿಷದಲ್ಲಿ ಮಾಡುತ್ತಾನೆ. ಬೆಂಗಳೂರಿನಿಂದ ಕಂಪನಿಯವರು ಬಂದು ನೋಡಬೇಕಾದ ಮಾಡು ಜುಲೈಯಲ್ಲಿ ಸೋರಿದರೆ ಅವರು ಬರುವುದು ಸೆಪ್ಟೆಂಬರಿಗೆ.

ಬಾಳಿಕೆ ಬರುವ ಕಟ್ಟಡ ಎಂದು ನಾನು ಕರೆಯುವುದು ಇದನ್ನೇ. ಹಾಳೇ ಆಗದ ಕಟ್ಟಡ ಈ ಕಡಲ ಬದಿಯಲ್ಲಿ ಇಲ್ಲ, ಆಗುವುದೂ ಇಲ್ಲ. ಹಾಳಾದ ಭಾಗವನ್ನು ಊರಿನವರೇ, ಊರಿನ ಸಾಮಾನಿನಿಂದಲೇ, ಅದೇ ವಾರ ಸರಿ ಮಾಡಲು ಬರಬೇಕು. ನೀವು ಆರಿಸುವ ಪ್ರತಿ ವಸ್ತುವನ್ನೂ ಈ ಪ್ರಶ್ನೆಯಿಂದ ನೋಡಿ.

ಸೂರು ಮೂರಡಿಗಿಂತ ಕಡಿಮೆ ಬೇಡ, ಪಡುವಣಕ್ಕೆ ಇನ್ನೂ ಜಾಸ್ತಿ ಇರಲಿ. ಇಳಿಜಾರು 30 ಡಿಗ್ರಿ ಇರಲಿ, ಮಳೆ ನಿಲ್ಲದೆ ಜಾರಬೇಕು. ಇಲ್ಲೊಂದು ಸಿಕ್ಕು ಇದೆ. ಉದ್ದದ ಸೂರು ಮಳೆ ತಡೆಯುತ್ತದೆ, ಆದರೆ ಗಾಳಿ ಅದರ ಅಡಿಗೆ ನುಗ್ಗಿ ಎತ್ತುತ್ತದೆ. ಮಂಗಳೂರಿಗೆ ಮಾನಕದಲ್ಲಿ ಹೇಳಿದ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಅದಕ್ಕೆ ನಾಲ್ಕೂ ಕಡೆ ಇಳಿಯುವ ಮಾಡು ಮಾಡಿ. ಎರಡೇ ಕಡೆ ಇಳಿದು ತುದಿಯಲ್ಲಿ ಮುಕ್ಕೋನದ ಗೋಡೆ ಎದ್ದಿರುವ ಮಾಡಿಗಿಂತ ಅದು ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ. ಪಕಾಸನ್ನು (ಮಾಡಿನ ಇಳಿಜಾರು ಹೊರುವ ಮರವನ್ನು) ಗೋಡೆಯ ಮೇಲಿನ ಮರಕ್ಕೆ ಬರೀ ಮೊಳೆ ಹೊಡೆದು ಬಿಡಬೇಡಿ, ಪಟ್ಟಿ ಹಾಕಿ ಗೋಡೆಯೊಳಗೆ ಕಟ್ಟಿ. ಅಂಚಿನ ಎರಡು ಮೂರು ಸಾಲು ಹಂಚನ್ನು ತಂತಿಯಿಂದ ರೀಪಿಗೆ ಬಿಗಿಯಿರಿ. ಜಗಲಿಯ ಮಾಡನ್ನು ಕೋಣೆಯ ಮಾಡಿನಿಂದ ಬೇರೆ ಮಾಡಿ. ಹೋದರೆ ಜಗಲಿಯದ್ದು ಹೋಗಲಿ, ಮಲಗಿದವರ ತಲೆಯ ಮೇಲಿನದ್ದು ಉಳಿಯಲಿ.

ಮರ ದುಬಾರಿ ಎಂದು ಈಗ ಎಲ್ಲರೂ ಕಬ್ಬಿಣದ ಪೈಪಿನ ಮೇಲೆ ಹಂಚು ಹೊದಿಸುತ್ತಾರೆ. ಮಾಡಿ, ಆದರೆ ಪೈಪಿನ ಎರಡೂ ಬಾಯಿ ಪೂರ್ತಿ ಮುಚ್ಚಿ ವೆಲ್ಡ್ ಮಾಡಿಸಿ. ತೆರೆದ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಪೇಂಟು ಹೊಳೆಯುತ್ತಲೇ ಇರುತ್ತದೆ. ಬಾಗಿಲ ಬಿಜಾಗರಿ, ಚಿಲಕ, ಸ್ಕ್ರೂ ಇಂಥ ಸಣ್ಣ ಸಾಮಾನಿಗೆ ಕಡಲ ಬದಿಯಲ್ಲಿ 316 ದರ್ಜೆಯ ಸ್ಟೀಲೇ ಆಗಬೇಕು. ಅಂಗಡಿಯಲ್ಲಿ ಮಾಮೂಲಿ ಸಿಗುವುದು 304. ಎರಡೂ ಹೊಳೆಯುತ್ತವೆ. 316ರಲ್ಲಿ ಮಾಲಿಬ್ಡಿನಂ ಇರುವುದರಿಂದ ಉಪ್ಪನ್ನು ತಡೆಯುತ್ತದೆ, 304ರ ಮೇಲೆ ಸ್ವಲ್ಪ ಕಾಲದಲ್ಲೇ ಕಂದು ಚುಕ್ಕಿ ಏಳುತ್ತವೆ. ಹಿತ್ತಾಳೆಯೂ ಒಳ್ಳೆಯದೇ.

ಸೌರವಿದ್ಯುತ್ತಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಾಕಿ. ನಿಮ್ಮ ಸೀಸನ್ನೂ ಬಿಸಿಲಿನ ಸೀಸನ್ನೂ ಒಂದೇ, ಹಾಗಾಗಿ ಲೆಕ್ಕ ಕೂಡುತ್ತದೆ. ಪ್ಯಾನೆಲಿನ ಸ್ಟ್ಯಾಂಡಿಗೂ ಗಾಳಿಯ ಲೆಕ್ಕ ಹಾಕಿಸಿ, ಅಷ್ಟೇ.

ನೀರಿಗೆ ಹೆಚ್ಚು ಹೊತ್ತು ಬೇಕು. ಇಷ್ಟು ಮಳೆ ಬೀಳುವ ಊರಿನಲ್ಲಿ ಏಪ್ರಿಲಿಗೆ ಟ್ಯಾಂಕರ್ ಬರುತ್ತದೆ, ಇದು ನಿಮಗೆಲ್ಲ ಗೊತ್ತಿರುವುದೇ. ಕಡಲ ಬದಿಯ ಬಾವಿಯಲ್ಲಿ ಸಿಹಿನೀರು ಇರುವುದು ಹೇಗೆ? ಮಳೆನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ಎಣ್ಣೆಯ ಹಾಗೆ ತೇಲುತ್ತಿರುತ್ತದೆ. ಸಿಹಿನೀರು ಕಡಲಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ತನಕ ಸಿಹಿನೀರಿನ ಪದರ ಇರಬಹುದು ಎನ್ನುವುದು ಲೆಕ್ಕ. ಇದನ್ನೇ ತಿರುಗಿಸಿ ನೋಡಿ. ಪಂಪು ಹಚ್ಚಿ ನೀವು ಮೇಲಿನ ಮಟ್ಟವನ್ನು ಒಂದಡಿ ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನಿಂದ ಉಪ್ಪುನೀರು 40 ಅಡಿ ಏರಬಹುದು. ನಿಮ್ಮ ಬಾವಿ ಮಾತ್ರ ಅಲ್ಲ, ಪಕ್ಕದ ಹತ್ತು ಮನೆಯ ಬಾವಿಯೂ ಹಾಳು. ಒಮ್ಮೆ ಉಪ್ಪಾದ ಬಾವಿ ಸುಲಭಕ್ಕೆ ಸರಿಹೋಗುವುದಿಲ್ಲ. ಆದ್ದರಿಂದ ಬೋರ್‌ವೆಲ್ ಬೇಡ. ಸಿಹಿನೀರಿನ ಈಜುಕೊಳವಂತೂ ಬೇಡವೇ ಬೇಡ. ಎದುರಿಗೆ ಇಡೀ ಅರಬ್ಬೀ ಸಮುದ್ರ ಇರುವಾಗ ಊರಿನ ಕುಡಿಯುವ ನೀರು ತೆಗೆದು ಈಜುಕೊಳ ತುಂಬಿಸುವುದು ನ್ಯಾಯ ಅಲ್ಲ.

ಮಾಡಿನ ನೀರು ಹಿಡಿಯಿರಿ. 100 ಚದರ ಮೀಟರ್ ಮಾಡಿನ ಮೇಲೆ ಒಂದು ವರ್ಷದಲ್ಲಿ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಅಷ್ಟನ್ನೂ ಟ್ಯಾಂಕಿನಲ್ಲಿ ತುಂಬಲು ಆಗದು. ಸ್ವಲ್ಪ ಟ್ಯಾಂಕಿಗೆ, ಉಳಿದದ್ದನ್ನು ಸೋಸಿ ಬಾವಿಯ ಹತ್ತಿರ ಇಂಗಲು ಬಿಡಿ. ನೀವು ಬೇಸಿಗೆಯಲ್ಲಿ ತೆಗೆಯುವುದಕ್ಕಿಂತ ಮಳೆಗಾಲದಲ್ಲಿ ಇಳಿಸುವುದು ಜಾಸ್ತಿ ಇರಬೇಕು. ಬಾವಿಯ ನೀರಿನ ಮಟ್ಟವನ್ನು, ಉಪ್ಪನ್ನು ತಿಂಗಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಕೋಣೆ ಕಟ್ಟಬೇಕು ಎಂದು ನನ್ನನ್ನು ಕೇಳುತ್ತೀರಲ್ಲ, ಅದನ್ನು ಹೇಳಬೇಕಾದ್ದು ಆ ಬಾವಿ. ಮೇ ತಿಂಗಳಲ್ಲಿ ಅದು ಎಷ್ಟು ಜನರಿಗೆ ನೀರು ಕೊಡುತ್ತದೋ ಅಷ್ಟೇ ಕೋಣೆ.

ಹೊಲಸು ನೀರಿನ ವಿಷಯವನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಮರಳಿನಲ್ಲಿ ಇಂಗುಗುಂಡಿ ತೋಡಿದರೆ ಕಣ್ಣಿಗೆ ಕಾಣದ ಹಾಗೆ ಹೋಗುತ್ತದೆ, ಹೋಗುವುದು ಮಾತ್ರ ಬಾವಿಗೇ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದು ಗುಂಡಿಯೇ ತುಂಬುತ್ತದೆ. ಸೋರದ ಸೆಪ್ಟಿಕ್ ಟ್ಯಾಂಕು, ಅದರ ನಂತರ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಕ್ಯಾನಾ, ಆಪು ಹುಲ್ಲು ಬೆಳೆಸಿ ಅದರ ಬೇರಿನ ಮೂಲಕ ನೀರು ಹಾಯಿಸಿ. ಹೊರಗೆ ಬಂದ ನೀರು ತೆಂಗಿಗೆ, ಬಾಳೆಗೆ. ಆ ತೊಟ್ಟಿಯ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು. ಬೇಸಿಗೆಯಲ್ಲಿ ಅಳೆದು ಕಟ್ಟಿದರೆ ಕೆಲಸ ಕೆಡುತ್ತದೆ.

ದೀಪದ ಬಗ್ಗೆ ಒಂದು ಮಾತು. ಹೊನ್ನಾವರದ ಕಾಸರಕೋಡಿನ ಬದಿಯಲ್ಲಿ, ಕುಂದಾಪುರದ ಬದಿಯಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ದಂಡೆಗೆ ಬರುತ್ತವೆ. ಸರಿಯಾಗಿ ನಿಮ್ಮ ಸೀಸನ್ನು. ಮರಿಗಳು ರಾತ್ರಿ ಮರಳಿನಿಂದ ಎದ್ದು, ಎಲ್ಲಿ ಬೆಳಕು ಹೆಚ್ಚೋ ಅದೇ ಕಡಲು ಎಂದುಕೊಂಡು ಹೊರಡುತ್ತವೆ. ಮನುಷ್ಯರ ದೀಪ ಇಲ್ಲದಿದ್ದಾಗ ಅದು ಸರಿಯೇ ಇತ್ತು, ತೆರೆದ ಆಕಾಶದ ಬೆಳಕು ಕಡಲಿನ ಮೇಲೇ ಹೆಚ್ಚು. ಈಗ ಬಿಳಿ ಎಲ್‌ಇಡಿ ಫ್ಲಡ್‌ಲೈಟು ಹಾಕಿದ ರೆಸಾರ್ಟಿನ ಕಡೆಗೆ ತೆವಳುತ್ತವೆ. ಬೆಳಗಾಗುವಷ್ಟರಲ್ಲಿ ಕಾಗೆ, ನಾಯಿ, ಬಿಸಿಲು. ಮೊಣಕಾಲೆತ್ತರದ, ಮೇಲೆ ಮುಚ್ಚಿದ, ಕೆಂಪು ಹಳದಿಯ ಮಂದ ದೀಪ ಸಾಕು. ಕಡಲಿನ ಕಡೆಗೆ ಒಂದೂ ಬೇಡ. ಕತ್ತಲಲ್ಲಿ ನಕ್ಷತ್ರ ನೋಡುವುದನ್ನು ಬಂದವರಿಗೆ ಕಲಿಸಿ. ನಗರದವರು ಎಷ್ಟೋ ಜನ ಅದನ್ನು ಕಂಡೇ ಇಲ್ಲ.

ಇನ್ನು ಪಾಗಾರ. ಕಡಲಿಗೆ ಹೋಗುವ ದಾರಿ ನಿಮ್ಮ ಜಾಗದ ಬದಿಯಲ್ಲಿದ್ದರೆ ಅದನ್ನು ಮುಚ್ಚಬೇಡಿ. ಮೀನುಗಾರರು ದೋಣಿ ಎಳೆಯುವ, ಬಲೆ ಒಣಗಿಸುವ ಜಾಗದಲ್ಲಿ ಆರಾಮಕುರ್ಚಿ ಹಾಕಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಎಷ್ಟೋ ಮನೆಗಳಲ್ಲಿ ದುಡಿಮೆ ಕಡಿಮೆ. ತಟ್ಟಿ ಹೆಣೆಯುವುದು, ಹಂಚು ನೋಡುವುದು, ಗಿಡ ನೆಡುವುದು, ಕಾಲುವೆ ಬಿಡಿಸುವುದು ಎಲ್ಲ ನಿಮಗೆ ಆಗಲೇ ಬೇಕು. ಆ ಕೆಲಸ ಆ ಮನೆಗಳಿಗೆ ಹೋಗಲಿ. ಅಡುಗೆಗೆ ಕುಮಟೆಯ ಗಜನಿಯ (ಉಪ್ಪುನೀರು ಹಾಯುವ ತಗ್ಗುಗದ್ದೆಯ) ಕಗ್ಗ ಅಕ್ಕಿ ತರಿಸಿ. ಉಪ್ಪುನೀರಿನಲ್ಲಿ ಬೆಳೆಯುವ ಭತ್ತ ಅದು, ಕೊಳ್ಳುವವರು ಇದ್ದರೆ ತಾನೆ ಬೆಳೆಯುವವರು ಇರುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಚೀಟಿ ಕಳಿಸಿದ್ದಾರೆ: "ಮಳೆಗಾಲದಲ್ಲಿ ಬೀಗ ಹಾಕಿ ಬಿಡುವುದಾ, ತೆರೆದಿಡುವುದಾ?" ಒಳ್ಳೆಯ ಪ್ರಶ್ನೆ ಕೇಳಿದಿರಿ ಅಕ್ಕ. ಪೂರ್ತಿ ಬೀಗ ಹಾಕಬೇಡಿ. ನಾಲ್ಕು ತಿಂಗಳು ಮುಚ್ಚಿದ ಕೋಣೆಯಲ್ಲಿ ಹಾಸಿಗೆಗೆ ಬೂಷ್ಟು, ಬಾಗಿಲು ಉಬ್ಬಿ ತೆರೆಯದು, ಗೆದ್ದಲು ಬಂದರೂ ಗೊತ್ತಾಗುವುದಿಲ್ಲ. ಮಾಡು ಎಲ್ಲಿ ಸೋರುತ್ತದೆ ಎಂದು ಸೋರುವಾಗಲೇ ನೋಡಬೇಕು. ಎರಡು ಕೋಣೆಯನ್ನಾದರೂ ನಡೆಸಿ. ಮಳೆ ನೋಡಲೆಂದೇ ಬರುವವರು ಈಗ ಇದ್ದಾರೆ, ಅವರಿಗೆ ಜಗಲಿ ಕೊಡಿ, ಬಿಸಿ ಗಂಜಿ ಕೊಡಿ, ಕಡಲಿಗೆ ಮಾತ್ರ ಇಳಿಸಬೇಡಿ. ಉಳಿದ ಕೋಣೆಗಳ ಹಾಸಿಗೆಯನ್ನು ಮೇ ಕೊನೆಗೇ ಬಿಸಿಲಿಗೆ ಹಾಕಿ ಅಟ್ಟಕ್ಕೆ ಏರಿಸಿ, ಬಿಜಾಗರಿಗೆ ಎಣ್ಣೆ ಬಿಡಿ, ಮರಕ್ಕೆ ಗೇರೆಣ್ಣೆ ಹಚ್ಚಿ. ಮಳೆ ಬಿಟ್ಟ ದಿನ, ಒಂದು ಗಂಟೆಗಾದರೂ, ಎಲ್ಲ ಕೋಣೆಯ ಬಾಗಿಲು ಕಿಟಕಿ ತೆರೆಸಿ. ಅದಕ್ಕೆ ಒಬ್ಬರನ್ನು ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಅವರೇ ಅಕ್ಟೋಬರಿನಲ್ಲಿ ನಿಮಗೆ ಯಾವ ಹಂಚು, ಯಾವ ಕಿಟಕಿ, ಯಾವ ಮೂಲೆ ಎಂದು ಹೇಳುತ್ತಾರೆ. ಹೊಸ ಕೋಣೆ ಕಟ್ಟುವ ಆಲೋಚನೆ ಇದ್ದರೆ ಆ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ನಕ್ಷೆ ಮಾಡಿಸಿ.